ರಾತ್ರಿ ಹತ್ತರ ಮೇಲೆ ಬಂದವರು

2024ರ ಅಕ್ಟೋಬರ್ ತಿಂಗಳಲ್ಲಿ ಒಂದು ಸಂಜೆ ಮಗ ಫೋನ್ ಮಾಡಿ, "ಅಮ್ಮಾ, ನಿನ್ನ ಗುರುಗಳು ಹೋದರಂತೆ" ಎಂದ. ನನಗೆ ಪಾಠ ಹೇಳಿದ ಗುರುಗಳಲ್ಲಿ ಯಾರೂ ಉಳಿದಿಲ್ಲವಲ್ಲ, ಇದ್ಯಾರಪ್ಪಾ ಎಂದುಕೊಂಡೆ. "ವಾರ್ಡ್ ಕ್ರಿಸ್ಟೆನ್ಸನ್" ಎಂದ. ಎಪ್ಪತ್ತೆಂಟು ವರ್ಷವಾಗಿತ್ತಂತೆ. ನಾನು ಅವರನ್ನು ಕಂಡವಳಲ್ಲ, ಮಾತನಾಡಿಸಿದವಳೂ ಅಲ್ಲ. ನಾವಿದ್ದುದು ಶಿಕಾಗೋದ ಹೊರವಲಯದ ಒಂದು ಊರಿನಲ್ಲಿ. ಅವರೂ ಅದೇ ಶಿಕಾಗೋ ಸೀಮೆಯವರು, ಅಷ್ಟೇ ಸಂಬಂಧ. ಆದರೂ ಫೋನ್ ಇಟ್ಟ ಮೇಲೆ ಕೈಯಲ್ಲಿದ್ದ ಹುರುಳಿಕಾಯಿಯನ್ನು ಹಾಗೇ ತಟ್ಟೆಯಲ್ಲಿ ಬಿಟ್ಟು ಬಹಳ ಹೊತ್ತು ಕುಳಿತಿದ್ದೆ. ಅವರು ಮಾಡಿದ ಒಂದು ಕೆಲಸದಿಂದಾಗಿ ನನ್ನ ಮನೆಗೆ ಒಂಬತ್ತು ವರ್ಷ ರಾತ್ರಿ ಹೊತ್ತು ನೂರಾರು ಜನ ಬಂದು ಹೋಗಿದ್ದರು.

ಅವರೂ ರ‍್ಯಾಂಡಿ ಸ್ಯೂಸ್ ಎಂಬ ಗೆಳೆಯರೂ ಕಂಪ್ಯೂಟರ್ ಹವ್ಯಾಸಿಗಳ ಒಂದು ಸಂಘದಲ್ಲಿದ್ದವರು. 1978ರ ಜನವರಿಯಲ್ಲಿ ಶಿಕಾಗೋದಲ್ಲಿ ಮನೆಯ ಬಾಗಿಲು ತೆರೆಯಲಾರದಷ್ಟು ಹಿಮ ಬಿತ್ತು. ಹೊರಗೆ ಹೋಗುವಂತಿಲ್ಲ. ಸಂಘದ ಕೋಣೆಯಲ್ಲಿ ಗೋಡೆಗೆ ಹಲಗೆ ಹೊಡೆದು ಚೀಟಿ ಚುಚ್ಚುತ್ತಾರಲ್ಲ, ಅಂಥದೊಂದು ಹಲಗೆಯನ್ನು ಕಂಪ್ಯೂಟರಿನೊಳಗೇ ಇಟ್ಟು, ಬೇಕಾದವರು ಫೋನ್ ಮೂಲಕ ಬಂದು ಓದಿ, ಬರೆದು ಹೋಗುವಂತೆ ಮಾಡಿದರೆ ಹೇಗೆ ಎಂದು ಹೊಳೆಯಿತು. ಒಬ್ಬರು ತಂತಿ ಜೋಡಿಸಿದರು, ಇನ್ನೊಬ್ಬರು ಕಾರ್ಯಕ್ರಮ ಬರೆದರು. ಕೆಲಸ ಮುಗಿದದ್ದು ಎರಡು ವಾರದಲ್ಲಂತೆ. ಆದರೆ ಯಾರೂ ನಂಬಲಿಕ್ಕಿಲ್ಲವೆಂದು ಒಂದು ತಿಂಗಳು ಎಂದು ಹೇಳಿ, ಫೆಬ್ರವರಿ 16ನ್ನು ಅದರ ಹುಟ್ಟಿದ ದಿನ ಮಾಡಿದರು. ಅದೇ ಜಗತ್ತಿನ ಮೊದಲ ಬುಲೆಟಿನ್ ಬೋರ್ಡ್, ಚುಟುಕಾಗಿ ಬಿ.ಬಿ.ಎಸ್. ಮಾಡಿದ ಕೆಲಸವನ್ನು ದೊಡ್ಡದು ಮಾಡಿ ಹೇಳುವವರೇ ತುಂಬಿರುವಾಗ, ಬೇಗ ಮುಗಿಸಿದ್ದನ್ನು ಮುಚ್ಚಿಟ್ಟವರನ್ನು ಕಂಡರೆ ನನಗೆ ಗೌರವ.

ನಾನು 1982ರಲ್ಲಿ ಮದುವೆಯಾಗಿ ತೀರ್ಥಹಳ್ಳಿಯ ಕಡೆಯ ಒಂದು ತೋಟದ ಮನೆಯಿಂದ ನೇರವಾಗಿ ಇಲ್ಲಿಗೆ ಬಂದವಳು. ಬಿ.ಎಸ್‌ಸಿ.ಯಲ್ಲಿ ಗಣಿತ ಓದಿದ್ದೆ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಇವರು ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಏಳಕ್ಕೆ ಬರುವರು. ವಾರಕ್ಕೊಮ್ಮೆ ಅಂಗಡಿ, ಅರೋರಾದಲ್ಲಿ ಬಾಲಾಜಿ ದೇವಸ್ಥಾನವಾದ ಮೇಲೆ ತಿಂಗಳಿಗೊಮ್ಮೆ ದೇವಸ್ಥಾನ. ಅಂಗಡಿಯ ಹುಡುಗಿಗೆ ನಾನು ಹೇಳಿದ್ದು ಅರ್ಥವಾಗದೆ ಅವಳು ಮುಖ ಕಿವುಚಿದಾಗಲೆಲ್ಲ ನನ್ನ ಇಂಗ್ಲಿಷ್ ಇನ್ನಷ್ಟು ಒಳಗೆ ಸರಿಯುತ್ತಿತ್ತು. ಬರೆಯಲು ಹೇಳಿದ್ದರೆ ಅವಳಿಗಿಂತ ಚೆನ್ನಾಗಿ ಬರೆಯುತ್ತಿದ್ದೆ ಎಂಬ ಬಿಂಕ ಮಾತ್ರ ಹಾಗೇ ಇತ್ತು.

1988ರಲ್ಲಿ ಇವರು ಒಂದು ಹಳೆಯ ಕಂಪ್ಯೂಟರನ್ನು ಮನೆಗೆ ತಂದರು. ಇಪ್ಪತ್ತು ಮೆಗಾಬೈಟಿನ ಹಾರ್ಡ್ ಡಿಸ್ಕ್. ಈಗ ಮೊಮ್ಮಗಳ ಫೋನಿನಲ್ಲಿ ತೆಗೆದ ನಾಲ್ಕಾರು ಫೋಟೋಗಳಿಗೇ ಅಷ್ಟು ಜಾಗ ಸಾಲದು. ಜೊತೆಗೊಂದು ಮೋಡೆಮ್. ಅದನ್ನು ಫೋನಿನ ತಂತಿಗೆ ಸಿಕ್ಕಿಸಿ ಮೊದಲ ಸಲ ಬೇರೊಬ್ಬರ ಬೋರ್ಡಿಗೆ ಹೋದಾಗ, ಆ ಕರ್ಕಶ ಕೂಗಾಟವೆಲ್ಲ ಮುಗಿದು, ಕಪ್ಪು ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬಂದು ನನ್ನ ಹೆಸರು ಕೇಳಿದವು. ಹೆಸರು ಕೇಳಿದವೇ ಹೊರತು ಇನ್ನೊಂದು ಸಲ ಹೇಳು ಎನ್ನಲಿಲ್ಲ. ನನಗೆ ಅಷ್ಟೇ ಸಾಕಾಯಿತು.

ಎರಡು ತಿಂಗಳಲ್ಲಿ ನನ್ನದೇ ಬೋರ್ಡ್ ನಡೆಸುವ ಹುಚ್ಚು ಹಿಡಿಯಿತು. ಆರ್.ಬಿ.ಬಿ.ಎಸ್. ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತಿತ್ತು. ಬೇಸಿಕ್ ಭಾಷೆಯಲ್ಲಿ ಬರೆದದ್ದು, ಒಳಗೇನಿದೆ ಎಂದು ಬಿಚ್ಚಿ ಓದಬಹುದಾಗಿತ್ತು. ಮಗನನ್ನು ಮಧ್ಯಾಹ್ನ ಮಲಗಿಸಿ, ಪುಟ ಪುಟ ಅಚ್ಚು ಹಾಕಿಕೊಂಡು, ಅಡುಗೆಮನೆಯ ಮೇಜಿನ ಮೇಲೆ ಹರಡಿ ಓದಿದೆ. ಓದು ಮುಗಿಯುವ ಹೊತ್ತಿಗೆ ಹಾಳೆಗಳಿಗೆಲ್ಲ ಅರಿಶಿನದ ಕಲೆ. ಯಂತ್ರವನ್ನು ನೆಲಮಾಳಿಗೆಯಲ್ಲಿ ಇಟ್ಟೆವು, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ. ಮನೆಯಲ್ಲಿ ಇದ್ದದ್ದು ಒಂದೇ ಫೋನ್ ಲೈನು. ಹಾಗಾಗಿ ಬೋರ್ಡ್ ತೆರೆಯುವುದು ರಾತ್ರಿ ಹತ್ತಕ್ಕೆ, ಮುಚ್ಚುವುದು ಬೆಳಿಗ್ಗೆ ಆರಕ್ಕೆ ಎಂದು ಗೊತ್ತು ಮಾಡಿದೆವು. "ರಾತ್ರಿ ಹೊತ್ತು ಯಾರಾದರೂ ಫೋನ್ ಮಾಡಿದರೆ?" ಎಂದು ಇವರು ಕೇಳಿದರು. "ರಾತ್ರಿ ನಮಗೆ ಯಾರು ಮಾಡ್ತಾರೆ?" ಎಂದೆ. ಆ ಮಾತು ಆಡಿದ್ದು ನಾನೇ.

ಓದುಗರಲ್ಲಿ ಚಿಕ್ಕವರಿಗಾಗಿ ಒಂದಿಷ್ಟು ಹೇಳಬೇಕು. ಆ ಬೋರ್ಡಿಗೆ ಒಂದು ಹೊತ್ತಿಗೆ ಒಬ್ಬರೇ ಬರಬಹುದು. ಒಂದೇ ಹಗ್ಗ, ಒಂದೇ ಕೊಡಪಾನದ ಬಾವಿಯ ಹಾಗೆ. ಒಬ್ಬರು ಸೇದುತ್ತಿದ್ದರೆ ಉಳಿದವರಿಗೆ ಲೈನು ಸಿಗುವುದಿಲ್ಲ, ಎಂಗೇಜ್ ಸದ್ದು ಮಾತ್ರ. ಅದಕ್ಕೇ ಒಬ್ಬರಿಗೆ ದಿನಕ್ಕೆ ನಲವತ್ತೈದು ನಿಮಿಷ. ಬಂದವರು ಹಿಂದಿನವರು ಬರೆದದ್ದನ್ನು ಓದಿ, ತಮ್ಮದನ್ನು ಬರೆದು, ಬೇಕಾದ ಕಡತ ಇಳಿಸಿಕೊಂಡು ಹೋಗುವರು. ಜಗಳಕ್ಕೆ ಉತ್ತರ ಬರಲು ಒಂದು ದಿನ ಬೇಕು. ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತಿತ್ತು; ಈಗಿನ ಹಾಗಲ್ಲ. ನಮ್ಮ 2400ರ ಮೋಡೆಮಿನಲ್ಲಿ ಸೆಕೆಂಡಿಗೆ 240 ಅಕ್ಷರ, ಅಂದರೆ ಪರದೆ ತುಂಬಲು ಎಂಟು ಸೆಕೆಂಡು. ಒಂದು ಫ್ಲಾಪಿಯಷ್ಟು ಕಡತ ಇಳಿಯಲು ಅರ್ಧ ಗಂಟೆ ಹತ್ತಿರ. ತಂತಿಯಲ್ಲಿ ಗರಗರ ಸದ್ದು ಸೇರಿದರೆ ಅಕ್ಷರ ಕೆಡುತ್ತಿತ್ತು. ಅದಕ್ಕೂ ಕ್ರಿಸ್ಟೆನ್ಸನ್ನರೇ 1977ರಲ್ಲಿ ಉಪಾಯ ಮಾಡಿಟ್ಟಿದ್ದರು, ಎಕ್ಸ್‌ಮೋಡೆಮ್ ಎಂದು. ಕಡತವನ್ನು 128 ಅಕ್ಷರಗಳ ತುಂಡು ಮಾಡಿ, ಪ್ರತಿ ತುಂಡಿನ ಕೊನೆಗೆ ಅದರ ಮೊತ್ತ ಬರೆದು ಕಳಿಸುವುದು. ಆ ಕಡೆಯವರು ಕೂಡಿ ನೋಡಿ, ಲೆಕ್ಕ ಹೊಂದದಿದ್ದರೆ ಆ ತುಂಡನ್ನು ಮಾತ್ರ ಮತ್ತೆ ಕಳಿಸಲು ಹೇಳುವುದು. ಅಪ್ಪಯ್ಯ ಅಡಿಕೆ ಮೂಟೆ ತೂಗಿಸುವಾಗ ಒಂದೊಂದು ಮೂಟೆಗೂ ಚೀಟಿ ಹಾಕುತ್ತಿದ್ದುದು ಇದೇ ಲೆಕ್ಕ.

ಬೋರ್ಡ್ ನಡೆಸುವವರಿಗೆ ಸಿಸಾಪ್ ಎಂದು ಹೆಸರು. ಬರುವವರೆಲ್ಲ ನನ್ನನ್ನು 'ಸರ್' ಎಂದೇ ಬರೆಯುತ್ತಿದ್ದರು. ನಾನೂ ತಿದ್ದಲಿಲ್ಲ. ಆದರೆ ಹೊಸದಾಗಿ ಹೆಸರು ಬರೆಸಿದವರಿಗೆ ಒಮ್ಮೆ ಫೋನ್ ಮಾಡಿ, ಹೇಳಿದ್ದು ನಿಜವೋ ಎಂದು ನೋಡುವುದು ಸಿಸಾಪ್‌ಗಳ ಪದ್ಧತಿ. ನಾನು ಹೆದರುತ್ತಲೇ ಮಾಡಿದೆ. ಸೀರೆಯ ಸೆರಗಿನ ಹಿಂದಿನಿಂದ ಬಂದಂಥ ನನ್ನ ದನಿ ಕೇಳಿ ಆ ಕಡೆ ಮೌನ. ಒಬ್ಬ ತಾನು ಮೂವತ್ತೆರಡು ವರ್ಷದ ಎಂಜಿನಿಯರ್ ಎಂದು ಬರೆದಿದ್ದ. ಫೋನ್ ಎತ್ತಿದ್ದು ಅವನ ತಾಯಿ. "ಮೂವತ್ತೆರಡಲ್ಲ, ಹನ್ನೆರಡು. ಇನ್ನೂ ಹೋಂವರ್ಕ್ ಮಾಡಿಲ್ಲ" ಎಂದರು. ಹೋಂವರ್ಕ್ ಮುಗಿಸಿ ಬಾ ಎಂದು ಅವನಿಗೆ ಸಂದೇಶ ಬರೆದಿಟ್ಟೆ. ಅವನು ಮುಂದೆ ಐದು ವರ್ಷ ನನ್ನ ಬೋರ್ಡಿನ ಬಲಗೈ ಆದ.

ಬೆಳಿಗ್ಗೆ ಮಗನನ್ನು ಶಾಲೆಗೆ ಕಳಿಸಿ, ಕೆಳಗೆ ಹೋಗಿ, ರಾತ್ರಿ ಯಾರು ಏನು ಬಿಟ್ಟು ಹೋಗಿದ್ದಾರೆಂದು ನೋಡುವುದು ಅಕ್ಕಿ ಆರಿಸುವ ಕೆಲಸದ ಹಾಗೆ. ವೈರಸ್ ಇದ್ದರೆ ತೆಗೆ. ಕದ್ದ ತಂತ್ರಾಂಶ ಇದ್ದರೆ ತೆಗೆ. ನೋಡಬಾರದ ಚಿತ್ರ ಹಾಕಿದ್ದರೆ ತೆಗೆ, ಹಾಕಿದವನನ್ನೂ ತೆಗೆ. ಕನ್ನಡಿಗರಿಗೆಂದು ಒಂದು ಮೂಲೆ ಮಾಡಿದ್ದೆ. ಕನ್ನಡ ಅಕ್ಷರ ಬಾರದ ಯಂತ್ರ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಬೇಕು. ಬರೆದವರು ಒಟ್ಟು ಮೂರು ಜನ. ಒಬ್ಬರು ಹುಳಿ ಮಾಡುವ ಕ್ರಮ ಬರೆದದ್ದನ್ನು ಇನ್ನೊಬ್ಬರು ಬೇಳೆಯೋ ಬೆಲೆಯೋ ಬಳೆಯೋ ತಿಳಿಯದೆ, ಬೇಯಿಸಬೇಕಾದ್ದು ಯಾವುದು ಎಂದು ಕೇಳಿದ್ದರು. ಬರಹ ತಂತ್ರಾಂಶ ಬಂದದ್ದು 1998ರಲ್ಲಿ. ಅಷ್ಟರಲ್ಲಿ ನನ್ನ ಅಂಗಡಿ ಮುಚ್ಚಿತ್ತು.

ಇನ್ನು ಆ ರಾತ್ರಿಯ ವಿಷಯ.

1991ರ ಫೆಬ್ರವರಿ. ಕೊಲ್ಲಿ ಯುದ್ಧ ನಡೆಯುತ್ತಿತ್ತು, ಬೋರ್ಡ್ ತೆರೆಯುವುದನ್ನೇ ಕಾದು ಜನ ನುಗ್ಗುತ್ತಿದ್ದರು. ಬೆಳಿಗ್ಗೆ ಏಳು ಗಂಟೆಗೆ ಬೆಂಗಳೂರಿನಿಂದ ದೊಡ್ಡಪ್ಪನ ಮಗ ಫೋನ್ ಮಾಡಿದ. ಅಪ್ಪಯ್ಯ ಹೋದರು ಎಂದ. ಯಾವಾಗ ಎಂದರೆ, ಅಲ್ಲಿನ ಬೆಳಗಿನ ಜಾವ ಐದಕ್ಕೆ. "ಎಲ್ಲಾ ಮುಗೀತು ಕಣೇ, ಮಧ್ಯಾಹ್ನವೇ" ಎಂದ. ನಮ್ಮ ಊರಿನ ಮನೆಯಲ್ಲಿ ಆಗ ಫೋನಿರಲಿಲ್ಲ. ತಮ್ಮ ಮೊದಲನೇ ಬಸ್ಸು ಹಿಡಿದು, ಅರವತ್ತು ಕಿಲೋಮೀಟರು ದೂರದ ಶಿವಮೊಗ್ಗಕ್ಕೆ ಬಂದು, ಐ.ಎಸ್.ಡಿ. ಇರುವ ಬೂತು ಹುಡುಕಿ ನನಗೆ ಫೋನ್ ಮಾಡಿದ್ದಾನೆ. ಕೈಯಲ್ಲಿ ನನ್ನ ಹಳೆಯ ಕಾಗದ, ಅದರ ಹಿಂದೆ ಬರೆದ ನಂಬರು. ಕೇಳಬೇಕಾಗಿದ್ದುದು ಒಂದೇ ಮಾತು. ಅಕ್ಕಾ, ಬರ್ತೀಯಾ, ಕಾಯಿಸಲಾ?

ಫೋನ್ ಎತ್ತಿತು. ಸೀಟಿ ಹೊಡೆಯಿತು.

ಅವನು "ಹಲೋ, ಅಕ್ಕಾ" ಎಂದು ಕೂಗಿದನಂತೆ. ಆ ಕಡೆಯಿಂದ ಕೀರಲು ಸದ್ದು, ಆಮೇಲೆ ಏನೂ ಇಲ್ಲ. ಮೀಟರು ಮಾತ್ರ ಓಡಿತು. ಬೂತಿನವನು, "ಅದು ಫ್ಯಾಕ್ಸ್ ಇರಬೇಕು, ನಂಬರ್ ಸರಿಯಾಗಿ ನೋಡಿ" ಎಂದ. ಮತ್ತೆ ಮಾಡಿದ, ಮತ್ತೆ ಅದೇ. ಆಮೇಲೆ ಎಂಗೇಜ್, ಎಂಗೇಜ್, ಎಂಗೇಜ್. ಹತ್ತೂವರೆಯ ಬಸ್ಸು ತಪ್ಪಿದರೆ ಮನೆ ಮುಟ್ಟುವುದು ತಡವಾಗುತ್ತದೆ. ಬೆಂಗಳೂರಿಗೆ ಒಂದು ಫೋನ್ ಮಾಡಿ, ಸಂಜೆ ಅಕ್ಕನಿಗೆ ತಿಳಿಸು ಎಂದು ಹೇಳಿ ಬಸ್ಸು ಹತ್ತಿದ.

ನಾನು ಅಳುವುದಕ್ಕೆ ಮೊದಲು ಕೆಳಗೆ ಹೋದೆ. ಏಕೆ ಹೋದೆನೋ ತಿಳಿಯದು. ಬೋರ್ಡಿಗೆ ಬಂದು ಹೋದವರ ಲೆಕ್ಕವನ್ನು ಯಂತ್ರ ತಾನೇ ಬರೆದಿಡುತ್ತದೆ. ಅದನ್ನು ತೆಗೆದು ನೋಡಿದೆ. ಹತ್ತು ಗಂಟೆ ಹದಿನೇಳು ನಿಮಿಷ, ಕರೆ ಬಂತು, ಆ ಕಡೆ ಮೋಡೆಮ್ ಇಲ್ಲ. ಹತ್ತೊಂಬತ್ತು ನಿಮಿಷ, ಅದೇ. ಅದು ನನ್ನ ತಮ್ಮ. ಚಳಿಗಾಲದಲ್ಲಿ ಶಿಕಾಗೋಕ್ಕೂ ನಮಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ. ನನಗೆ ರಾತ್ರಿ ಹತ್ತಾದರೆ ಅಲ್ಲಿ ಬೆಳಿಗ್ಗೆ ಒಂಬತ್ತೂವರೆ. ನಾನು ಬೋರ್ಡ್ ತೆರೆದಿಟ್ಟ ಎಂಟು ಗಂಟೆ ಎಂದರೆ ಊರಿನ ಬೂತು, ಬ್ಯಾಂಕು, ಪೋಸ್ಟಾಫೀಸು ಎಲ್ಲವೂ ತೆರೆದಿರುವ ಎಂಟು ಗಂಟೆ. ಗಣಿತ ಓದಿದವಳಿಗೆ ಇಷ್ಟು ಕೂಡಿ ಕಳೆಯಲು ಬಾರದೆ ಇದ್ದೀತೆ? ಅವನ ಬಸ್ಸು ಇಪ್ಪತ್ತು ನಿಮಿಷ ಮೊದಲು ಮುಟ್ಟಿದ್ದರೆ ಫೋನನ್ನು ನಾನೇ ಎತ್ತುತ್ತಿದ್ದೆ.

ಹತ್ತು ಇಪ್ಪತ್ತೊಂದಕ್ಕೆ ಒಬ್ಬರು ಬಂದು ನಲವತ್ತೈದು ನಿಮಿಷ ಪೂರ್ತಿ ಕುಳಿತಿದ್ದರು. ಯಾರೆಂದು ಹೆಸರೂ ಇತ್ತು. ರೈಲ್ವೆಯಲ್ಲಿದ್ದು ನಿವೃತ್ತರಾದ ಒಬ್ಬ ಮುದುಕರು. ಹೆಂಡತಿ ತೀರಿಕೊಂಡಿದ್ದರು. ಮೊಮ್ಮಗ ಯುದ್ಧಕ್ಕೆಂದು ಸೌದಿ ಅರೇಬಿಯಾಕ್ಕೆ ಹೋಗಿದ್ದ. ಪ್ರತಿ ರಾತ್ರಿ ಬಂದು ಯುದ್ಧದ ಬಗ್ಗೆ ಯಾರು ಏನು ಬರೆದರೂ ಓದುವರು, ಕೊನೆಗೆ ಎರಡು ಸಾಲು ಬರೆದು ಹೋಗುವರು. ಅವರ ತಪ್ಪೇನೂ ಇಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಆ ಹೆಸರು ಪರದೆಯ ಮೇಲೆ ಬಂದರೆ ನಾನು ಎದ್ದು ಹೋಗಿಬಿಡುತ್ತಿದ್ದೆ. ಬಹಳ ತಿಂಗಳು ಹೀಗಿತ್ತು.

ತಮ್ಮ ಫೋನಿನಲ್ಲಿ ಸಿಕ್ಕಿದ್ದು ಹನ್ನೆರಡನೆಯ ದಿನ. ಬಯ್ಯುತ್ತಾನೆಂದುಕೊಂಡಿದ್ದೆ. "ಕಾಯಿಸಿದ್ದರೂ ಎರಡು ದಿನ ಆಗ್ತಿತ್ತು ಅಕ್ಕಾ, ಇಡೋದು ಕಷ್ಟವಿತ್ತು" ಎಂದ. ಆಮೇಲೆ, "ಆದರೆ ನೀನೇ 'ಬೇಡ, ಮುಗಿಸಿ' ಅಂದಿದ್ದರೆ ಅಮ್ಮನಿಗೆ ಸಮಾಧಾನ ಆಗ್ತಿತ್ತು" ಎಂದ. ಅಷ್ಟೇ.

ಇವರು ಏನನ್ನೂ ಹೇಳಲಿಲ್ಲ. ಮರುವಾರವೇ ಎರಡನೆಯ ಲೈನು ಹಾಕಿಸಿದರು. ನಾನು ಯಂತ್ರದ ಮೇಲೆ ಒಂದು ಹಳೆಯ ಪಂಚೆ ಹೊದಿಸಿ ಬಾಗಿಲೆಳೆದುಕೊಂಡಿದ್ದೆ. ಮೂರು ವಾರದ ಮೇಲೆ ಆ ಹನ್ನೆರಡರ ಹುಡುಗ, ಈಗ ಹದಿನೈದರವನು, ತಾಯಿಯೊಂದಿಗೆ ಮನೆಗೇ ಬಂದ. ಆಕೆ ಒಂದು ಕೇಕು ತಂದಿದ್ದರು. ಬೋರ್ಡಿನವರೆಲ್ಲ ಬೇರೊಂದು ಬೋರ್ಡಿನಲ್ಲಿ ಸೇರಿ, ನಮ್ಮ ಮನೆಯಲ್ಲಿ ಏನೋ ಆಗಿದೆ ಎಂದು ಮಾತಾಡಿಕೊಂಡಿದ್ದರಂತೆ. ಅವನು ಸಂದೇಶಗಳನ್ನು ಅಚ್ಚು ಹಾಕಿ ತಂದಿದ್ದ. ಮುಖ ನೋಡದವರು, ಸರ್ ಎಂದವರು, ಎಲ್ಲರೂ ಬರೆದಿದ್ದರು. ರೈಲ್ವೆಯ ಮುದುಕರದೂ ಎರಡು ಸಾಲಿತ್ತು. ಅದನ್ನು ಆಗ ಓದಲಿಲ್ಲ. ಬೋರ್ಡನ್ನು ಮತ್ತೆ ತೆರೆದೆ. ಇಡೀ ದಿನ ತೆರೆದಿಟ್ಟೆ.

ಆಮೇಲಿನ ನಾಲ್ಕು ವರ್ಷವೇ ಅದರ ಸುಗ್ಗಿ. ನಮ್ಮ ಹತ್ತಿರದ ಸ್ಕೋಕಿಯಲ್ಲೇ ಯು.ಎಸ್. ರೊಬೋಟಿಕ್ಸ್ ಕಾರ್ಖಾನೆಯಿತ್ತು, ಸಿಸಾಪ್‌ಗಳಿಗೆ ಅವರ ಮೋಡೆಮ್ ಕಡಿಮೆ ಬೆಲೆಗೆ ಕೊಡುತ್ತಿದ್ದರು. ಫಿಡೋನೆಟ್ ಸೇರಿದೆ. 1984ರಲ್ಲಿ ಟಾಮ್ ಜೆನಿಂಗ್ಸ್ ಎಂಬವರು ಹುಟ್ಟುಹಾಕಿದ ಬಳಗ ಅದು. ರಾತ್ರಿ ಫೋನ್ ದರ ಕಡಿಮೆ ಇರುವಾಗ ಬೋರ್ಡುಗಳು ತಮ್ಮಷ್ಟಕ್ಕೆ ತಾವೇ ಒಂದಕ್ಕೊಂದು ಫೋನ್ ಮಾಡಿ ಅಂಚೆ ದಾಟಿಸಿಕೊಳ್ಳುವುದು. ಚಳಿಗಾಲದಲ್ಲಿ ನಮಗೆ ಆ ಹೊತ್ತು ನಸುಕಿನ ಮೂರರಿಂದ ನಾಲ್ಕು. ಊರಲ್ಲೂ ಬೋರ್ಡುಗಳು ಹುಟ್ಟಿದ್ದವು, ಮುಂಬಯಿ, ದಿಲ್ಲಿ, ಬೆಂಗಳೂರುಗಳಲ್ಲಿ. 1990ರ ದಶಕದ ಮಧ್ಯದಲ್ಲಿ ನಮ್ಮ ಸರಕಾರ ಅವುಗಳಿಗೆ ವರ್ಷಕ್ಕೆ ಲಕ್ಷಗಟ್ಟಲೆ ಪರವಾನಗಿ ಶುಲ್ಕ ಕೇಳಿತು ಎಂದು ತಿಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೆಲಮಾಳಿಗೆಯಲ್ಲಿ, ಒದ್ದೆ ಬಟ್ಟೆಗಳ ಪಕ್ಕದಲ್ಲಿ ನಡೆಯುವ ವ್ಯವಹಾರ ಇದು!

1993ರ ಮೇ ತಿಂಗಳಲ್ಲಿ ಅಮ್ಮ ಬಂದರು, ಆರು ತಿಂಗಳಿಗೆ. ಮೂರನೆಯ ದಿನ ಒಗೆದ ಬಟ್ಟೆ ತರುತ್ತೇನೆಂದು ಕೆಳಗಿಳಿದವರು ಬಹಳ ಹೊತ್ತಾದರೂ ಮೇಲೆ ಬರಲಿಲ್ಲ. ಹೋಗಿ ನೋಡಿದರೆ ಯಂತ್ರದ ಮುಂದೆ ನಿಂತಿದ್ದಾರೆ. ಆಗಷ್ಟೇ ಒಂದು ಕರೆ ಬಂದು, ಮೋಡೆಮ್ ಕೂಗಿ ಸುಮ್ಮನಾಗಿತ್ತು.

"ಇದೇ ಏನೇ, ಅವನಿಗೆ ಸೀಟಿ ಹೊಡೆದದ್ದು?" ಎಂದರು.

ಹೌದಮ್ಮಾ ಎಂದೆ. ನನಗೆ ಕೈಕಾಲು ತಣ್ಣಗಾಗಿತ್ತು. ಅಮ್ಮ ಅದನ್ನು ಮೇಲೆ ಕೆಳಗೆ ನೋಡಿದರು. "ಇಷ್ಟೇ ಇಷ್ಟು ಇದೆ" ಎಂದರು. ಸೆರಗಿನಿಂದ ಮೋಡೆಮಿನ ಮೇಲಿನ ದೂಳು ಒರೆಸಿದರು. ಒರೆಸಬೇಕೆಂದು ಒರೆಸಿದ್ದಲ್ಲ, ದೂಳು ಕಂಡರೆ ಅವರ ಕೈ ತಾನೇ ಹೋಗುತ್ತದೆ. ಆಮೇಲೆ ಪರದೆ ನೋಡಿ, "ಈಗ ಯಾರು ಬಂದಿರೋದು?" ಎಂದು ಕೇಳಿದರು.

ಅಂದಿನಿಂದ ಊಟವಾದ ಮೇಲೆ ಅಮ್ಮನಿಗೆ ಅಲ್ಲೇ ಒಂದು ಕುರ್ಚಿ. ಅಕ್ಷರ ಬಂದ ಹಾಗೆ ನಾನು ಕನ್ನಡದಲ್ಲಿ ಹೇಳಬೇಕು. ಯಾರ ಮಗಳಿಗೆ ಬಾಣಂತನ, ಯಾರ ನೌಕರಿ ಹೋಯಿತು, ಯಾರಿಬ್ಬರು ಒಂದು ಆಟದ ವಿಷಯಕ್ಕೆ ಮಾತು ಬಿಟ್ಟಿದ್ದಾರೆ, ಎಲ್ಲ ಬೇಕು. ರೈಲ್ವೆಯವರ ಸರದಿ ಬಂದಾಗ ನಾನು ಸುಮ್ಮನಿದ್ದೆ. "ಇವರು ಯಾರು, ಇವರದ್ದು ಓದಲೇ ಇಲ್ಲ?" ಎಂದರು. ಹೆಂಡತಿ ಇಲ್ಲ, ಒಬ್ಬರೇ ಇದ್ದಾರೆ, ಮೊಮ್ಮಗ ಯುದ್ಧದಿಂದ ಸುಖವಾಗಿ ವಾಪಸು ಬಂದು ದೂರದ ಊರಲ್ಲಿದ್ದಾನೆ ಎಂದಷ್ಟು ಹೇಳಿದೆ. ಉಳಿದದ್ದನ್ನು ಹೇಳಲಿಲ್ಲ. ಇವತ್ತಿನವರೆಗೂ ಹೇಳಲಿಲ್ಲ, ಇನ್ನು ಹೇಳಲು ಅವರೇ ಇಲ್ಲ.

"ಊಟ ಆಯ್ತಾ ಕೇಳೇ" ಎಂದರು ಅಮ್ಮ.

ಇಂಗ್ಲಿಷಿನವರನ್ನು ಹಾಗೆಲ್ಲ ಕೇಳುವುದಿಲ್ಲ ಎಂದೆ. "ಒಬ್ಬರೇ ಇರುವವರನ್ನು ಮತ್ತೆಂತ ಕೇಳೋದು?" ಎಂದರು. ಸಿಸಾಪ್ ಬೇಕೆಂದರೆ ಬಂದವರ ಜೊತೆ ನೇರವಾಗಿ ಮಾತಾಡಬಹುದಿತ್ತು. ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದಕ್ಷರ ಬರೆಯದವಳು ನಾನು, ಊಟವಾಯಿತೇ ಎಂದು ನಮ್ಮ ತಾಯಿ ಕೇಳುತ್ತಿದ್ದಾರೆ ಎಂದು ಬರೆದೆ. ಬಹಳ ಹೊತ್ತು ಪರದೆ ಖಾಲಿ. ಆಮೇಲೆ ಅಕ್ಷರಗಳು ಬಂದವು. ಡಬ್ಬಿಯ ಟೊಮ್ಯಾಟೊ ಸೂಪು, ಎರಡು ಬಿಸ್ಕತ್ತು.

"ಅಯ್ಯೋ, ಅದೂ ಒಂದು ಊಟವೇ" ಎಂದರು ಅಮ್ಮ. ಅದನ್ನೂ ಬರೆ ಎಂದರು, ಬರೆದೆ. ಮರುದಿನ ಅವರಾಗಿಯೇ, ಇಂದು ಆಲೂಗೆಡ್ಡೆ ಬೇಯಿಸಿದೆ ಎಂದು ತಾಯಿಯವರಿಗೆ ತಿಳಿಸಿ ಎಂದು ಬರೆದರು. ಆರು ತಿಂಗಳು ಹೀಗೇ ನಡೆಯಿತು. ತಿಳಿಸಾರು ಮಾಡುವುದನ್ನು ಅಮ್ಮ ಹೇಳಿದರು, ನಾನು ಟೈಪು ಮಾಡಿದೆ. ಇಂಗು ಎಂದರೇನು ಎಂದು ವಿವರಿಸಲು ಒಂದು ರಾತ್ರಿಯ ನಲವತ್ತೈದು ನಿಮಿಷ ಪೂರ್ತಿ ಹೋಯಿತು. ಒಂದು ದಿನ, ಅಮ್ಮ ಮಲಗಿದ ಮೇಲೆ, ಹುಡುಗ ತಂದುಕೊಟ್ಟಿದ್ದ ಆ ಹಳೆಯ ಹಾಳೆಗಳನ್ನು ತೆಗೆದೆ. ಮುದುಕರು ಬರೆದಿದ್ದುದು ಇಷ್ಟೇ. ಏನಾಗಿದೆಯೋ ಗೊತ್ತಿಲ್ಲ, ರಾತ್ರಿ ಹತ್ತಾದರೆ ಆ ನಂಬರು ತಿರುಗಿಸುತ್ತೇನೆ, ಯಾರಾದರೂ ಎತ್ತಿಯಾರೆಂದು.

ಅಮ್ಮ ಊರಿಗೆ ಹೋದರು. 1995ರ ಹೊತ್ತಿಗೆ ಜನ ಇಂಟರ್‌ನೆಟ್ಟಿನ ಕಡೆ ತಿರುಗಿದರು. ದಿನಕ್ಕೆ ಮೂವತ್ತು ಕರೆ ಬರುತ್ತಿದ್ದಲ್ಲಿ ಹತ್ತು, ಆಮೇಲೆ ನಾಲ್ಕು. ಮೂರು ತಿಂಗಳು ಬಾರದವರ ಹೆಸರನ್ನು ಅಳಿಸಿಹಾಕುವ ಒಂದು ಕಾರ್ಯಕ್ರಮವಿತ್ತು, ತಿಂಗಳಿಗೊಮ್ಮೆ ಅದನ್ನು ಓಡಿಸಬೇಕು. 1995ರ ನವೆಂಬರಿನ ಆಮೇಲೆ ರೈಲ್ವೆಯವರು ಬರಲಿಲ್ಲ. ಅವರ ಮನೆಗೆ ಫೋನ್ ಮಾಡಿದೆ. ಆ ನಂಬರು ಈಗ ಇಲ್ಲ ಎಂದು ಧ್ವನಿಮುದ್ರಿತ ಹೆಣ್ಣುದನಿ ಹೇಳಿತು. ಫೆಬ್ರವರಿಯಲ್ಲಿ ಆ ಕಾರ್ಯಕ್ರಮ ಓಡಿಸುವಾಗ ಅವರ ಹೆಸರನ್ನು ಬಿಟ್ಟುಬಿಡುವಂತೆ ಒಂದು ಸಾಲು ಸೇರಿಸಿದೆ. ಬೇಸಿಕ್ ಕಲಿತದ್ದು ಅಷ್ಟಕ್ಕಾದರೂ ಆಯಿತು. 1997ರ ಏಪ್ರಿಲಿನಲ್ಲಿ ಬೋರ್ಡ್ ಮುಚ್ಚಿದಾಗ ಪಟ್ಟಿಯಲ್ಲಿ ಉಳಿದಿದ್ದ ಹದಿನಾಲ್ಕು ಹೆಸರುಗಳಲ್ಲಿ ಅದೂ ಒಂದು.

ಅಷ್ಟರಲ್ಲಿ ಊರಿನ ಮನೆಗೂ ಫೋನ್ ಬಂದಿತ್ತು. ಭಾನುವಾರ ಬೆಳಿಗ್ಗೆ ಅಮ್ಮ ಕಾದಿರುತ್ತಿದ್ದರು. ಎಲ್ಲ ಮಾತು ಮುಗಿದು ಇಡುವ ಹೊತ್ತಿಗೆ, "ಆ ಸೂಪಿನವರದ್ದು ಊಟ ಆಗ್ತಿದೆಯಂತಾ?" ಎಂದು ಕೇಳುವರು.

"ಆಗ್ತಿದೆಯಂತಮ್ಮಾ" ಎನ್ನುತ್ತಿದ್ದೆ. "ಸಾರು ಮಾಡ್ಕೊಂಡಿದ್ದರಂತೆ."